‘ಎಸ್‌ಟಿ ಹೌದ್ರಿ, ಆದ್ರ ಆದಿವಾಸಿ ಅಲ್ರಿ’

ಬೆಳಗಾವಿಯಲ್ಲಿ ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಆದಿವಾಸಿ ರಾಜಕಾರಣದ ಪಾಠ ಹೇಳಲು ತೊಡಗಿದ ಮೊದಲ ವರ್ಷ, ಮುಧೋಳ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬಳು ತರಗತಿ ಮುಗಿದ ಮೇಲೆ ಬಂದು, “ಸರ್, ನಾವು ಎಸ್‌ಟಿ ಹೌದ್ರಿ, ಆದ್ರ ಆದಿವಾಸಿ ಅಲ್ರಿ” ಎಂದಳು. ಆ ಮಾತಿನಲ್ಲಿ ದೂರು ಇರಲಿಲ್ಲ. ನಾನು ತಪ್ಪು ತಿಳಿದುಕೊಂಡಿರಬಹುದು, ತಿದ್ದಿಬಿಡೋಣ ಎಂಬ ಕಾಳಜಿ ಇತ್ತು. ಅವಳು ಎಸ್‌ಟಿ, ಅಂದರೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ಬೇಡರ ಮನೆಯವಳು. ಅಂದು ನಾನು ತರಗತಿಯಲ್ಲಿ ತೋರಿಸಿದ್ದು ಜಾರ್ಖಂಡದ ಕಾಡು, ಒಡಿಶಾದ ಬೆಟ್ಟ, ಡೋಲು ಹಿಡಿದು ಕುಣಿಯುವ ಮಂದಿಯ ಚಿತ್ರಗಳು. ಆ ಚಿತ್ರಗಳಲ್ಲಿ ಅವಳ ಅಜ್ಜನೂ ಇರಲಿಲ್ಲ, ಅವಳ ಊರಿನ ಕಬ್ಬಿನ ಹೊಲವೂ ಇರಲಿಲ್ಲ. ತಪ್ಪು, ಪಾಠ ಕಟ್ಟಿದ ನನ್ನದು.

ಆಗ ನಾನು ಪಾಠವನ್ನು ವಿಶ್ವಸಂಸ್ಥೆಯಿಂದ ಶುರು ಮಾಡುತ್ತಿದ್ದೆ. ಮೂಲನಿವಾಸಿಗಳ ಹಕ್ಕುಗಳ ಘೋಷಣೆ 2007ರಲ್ಲಿ ಅಂಗೀಕಾರವಾದಾಗ ಭಾರತ ಪರವಾಗಿ ಮತ ಹಾಕಿತು. ಆದರೆ ನಮ್ಮ ದೇಶದವರೆಲ್ಲರೂ ಮೂಲನಿವಾಸಿಗಳೇ ಎಂಬ ನಿಲುವನ್ನು ಬಿಡಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬುಡಕಟ್ಟು ಜನರ ಕುರಿತು ಮಾಡಿದ 1957ರ 107ನೆಯ ಒಡಂಬಡಿಕೆಯನ್ನು ಒಪ್ಪಿದ ಸರ್ಕಾರ, 1989ರ 169ನೆಯದನ್ನು ಇಂದಿಗೂ ಒಪ್ಪಿಲ್ಲ. ಇವೆಲ್ಲ ತಿಳಿಯಬೇಕಾದ ಸಂಗತಿಗಳೇ. ಆದರೆ ಇಲ್ಲಿಂದ ಆರಂಭಿಸಿದರೆ ಆದಿವಾಸಿ ಎಂಬವನು ಎಲ್ಲೋ ದೂರದ ದಟ್ಟ ಕಾಡಿನಲ್ಲಿ ಕುಳಿತುಬಿಡುತ್ತಾನೆ, ತರಗತಿಯ ಹುಡುಗರು ನೋಡುವವರಾಗಿಯೇ ಉಳಿಯುತ್ತಾರೆ.

ಈಗ ಮೊದಲ ವಾರ ನಾವು ಮಾಡುವುದು ಒಂದೇ ಕೆಲಸ: ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ಗಟ್ಟಿಯಾಗಿ ಓದುವುದು. ಜೇನು ಕುರುಬ, ಸೋಲಿಗ, ಹಸಲರು, ಕೊರಗ ಎಂದು ಓದುತ್ತ ಹೋಗುವಾಗ ನಡುವೆ ಗಾಮಿತ್, ರಾಠವಾ, ದುಬ್ಲಾ, ಚೋಧರಾ ಎಂಬ ಹೆಸರುಗಳು ಬರುತ್ತವೆ. ‘ಇವ್ರು ಯಾವ ಜಿಲ್ಲಾದವ್ರು ಸರ್?’ ಎಂದು ಪ್ರತಿವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರು ಗುಜರಾತದ ಕಡೆಯ ಸಮುದಾಯಗಳು. 1956ರ ನವೆಂಬರ್ 1ರವರೆಗೆ ಬೆಳಗಾವಿ, ವಿಜಯಪುರ, ಧಾರವಾಡಗಳು ಮುಂಬೈ ರಾಜ್ಯದಲ್ಲಿದ್ದವು. ಅಲ್ಲಿನ ಪಟ್ಟಿ ನಮ್ಮೊಂದಿಗೆ ಬಂದು ನಮ್ಮ ಪಟ್ಟಿಯೊಳಗೆ ಸೇರಿತು. ನಾಯಕ ಎಂಬ ಒಂದೇ ನಮೂದಿನೊಳಗೆ ಮೋಟಾ ನಾಯಕ, ನಾನಾ ನಾಯಕ ಎಂದಿರುವುದು ಗುಜರಾತಿಯಲ್ಲಿ ದೊಡ್ಡ ನಾಯಕ, ಸಣ್ಣ ನಾಯಕ ಎಂದೇ. ಅದೇ ನಮೂದಿನ ಕೊನೆಗೆ ಬೇಡ, ಬೇಡರ್, ವಾಲ್ಮೀಕಿ ಎಂಬ ಪದಗಳು 1991ರ ತಿದ್ದುಪಡಿಯಿಂದ ಬಂದವು. ಪರಿವಾರ, ತಳವಾರ ಎಂಬವು 2020ರಲ್ಲಿ ಸೇರಿದವು. ಅಲ್ಲಿಗೆ ಬಂದಾಗ ತರಗತಿ ಮೌನವಾಗುತ್ತದೆ. ತಹಶೀಲ್ದಾರ ಕಚೇರಿಯ ಮುಂದೆ ಅಪ್ಪನ ಜೊತೆ ಸರದಿಯಲ್ಲಿ ನಿಂತು ತಂದ ಸರ್ಟಿಫಿಕೇಟಿನ ಪದಕ್ಕೆ ಒಂದು ಹುಟ್ಟಿದ ವರ್ಷವಿದೆ, ಅದರ ಹಿಂದೆ ಮನವಿ, ಸಭೆ, ಮತದ ಲೆಕ್ಕ ಎಲ್ಲ ಇವೆ ಎಂಬುದು ಅವರಿಗೆ ಹೊಳೆಯುವುದು ಆ ಗಳಿಗೆಯಲ್ಲಿ.

ಪಟ್ಟಿಯ ಇನ್ನೊಂದು ಸಾಲು ಆಫ್ರಿಕಾ ಮೂಲದ ಸಿದ್ದಿಯರದು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದಾಗ ಹೆಸರಿನ ಪಕ್ಕದಲ್ಲಿಯೇ ‘ಉತ್ತರ ಕನ್ನಡ ಜಿಲ್ಲೆಯಲ್ಲಿ’ ಎಂದು ಬರೆಯಲಾಯಿತು. ಹಳಿಯಾಳದ ಸಿದ್ದಿ ಪರಿಶಿಷ್ಟ ಪಂಗಡದವನಾದ. ಅವನ ಅಕ್ಕನನ್ನು ಖಾನಾಪುರ ತಾಲ್ಲೂಕಿಗೆ ಕೊಟ್ಟಿದ್ದರೆ ಆ ಮನೆಯವರು ಆಗಲಿಲ್ಲ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಯರು ಪಟ್ಟಿಗೆ ಬರಲು 2020ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಇದರ ಬೆಲೆ ಮೀಸಲಾತಿಯೊಂದರಲ್ಲಿಯೇ ಮುಗಿಯುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಕಾಡಿನಲ್ಲಿ ವಾಸಿಸುವ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದರೆಂದು ತೋರಿಸಿದರೆ ಸಾಕು. ಉಳಿದವರು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ಸಾಬೀತು ಮಾಡಬೇಕು. ಅದೇ ಕಾಡು, ಅದೇ ಬಳಗ. ಅಲ್ಲಿಯವರೆಗೆ ಜಿಲ್ಲೆಯ ಗಡಿ ದಾಟಿದೊಡನೆ ಸಾಕ್ಷ್ಯದ ಭಾರ 75 ವರ್ಷ ಹೆಚ್ಚಾಗುತ್ತಿತ್ತು. ಗಡಿ ಎಂದರೆ ಭಾಷೆಯ ಗಡಿ ಎಂದಷ್ಟೇ ತಿಳಿದಿರುವ ನಮ್ಮ ಬೆಳಗಾವಿಯಲ್ಲಿ ಈ ಇನ್ನೊಂದು ಗಡಿಯ ಬಗ್ಗೆ ಯಾರೂ ಬೀದಿಗಿಳಿದದ್ದನ್ನು ನಾನು ಕಂಡಿಲ್ಲ, ಮತ್ತು ಅದು ನನ್ನನ್ನು ಕಾಡುತ್ತದೆ.

ಹಾಗಾದರೆ ಯಾರನ್ನು ಸೇರಿಸಬೇಕು ಎಂದು ನಿರ್ಧರಿಸುವ ಅಳತೆಗೋಲು ಯಾವುದು? 1965ರ ಲೋಕೂರ್ ಸಮಿತಿ ಐದು ಲಕ್ಷಣಗಳನ್ನು ಹೇಳಿತು: ಆದಿಮ ಗುಣ, ಬೇರೆಯೇ ಆದ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಇಂದಿಗೂ ಸರ್ಕಾರ ಬಳಸುವುದು ಇವನ್ನೇ. ಕಳೆದ ವರ್ಷ ಇದನ್ನು ಓದಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ನಾವು ನಾಚಿಕಿ ಬಿಟ್ಟು ನಿಮ್ಮ ಜೋಡಿ ಮಾತಾಡಿದ್ರ ಎಸ್‌ಟಿ ಅಲ್ಲೇನ್ರಿ?” ಎಂದು ಕೇಳಿದ. ತರಗತಿ ನಕ್ಕಿತು, ಅವನು ನಗಲಿಲ್ಲ. ಹಕ್ಕು ಕೇಳಲು ಬಾಯಿ ತೆರೆದವನಿಗೆ, ಬಾಯಿ ತೆರೆದದ್ದೇ ಅನರ್ಹತೆಯಾಗಬಲ್ಲ ಈ ಅಳತೆಯನ್ನು ನಾನು ಅವನಷ್ಟು ಚೊಕ್ಕವಾಗಿ ಎಂದೂ ವಿವರಿಸಿರಲಿಲ್ಲ.

ಆ ಮೇಲೆ ನಾವು ಬೇಡರು ಬಂಡೆದ್ದ ಹಲಗಲಿಗೆ ಬರುತ್ತೇವೆ. ಲಾವಣಿಯಿಂದಾಗಿ, ಶಾಲೆಯ ಪಠ್ಯದಿಂದಾಗಿ ಎಲ್ಲರಿಗೂ ಹೆಸರು ಗೊತ್ತು. ಜಡಗ, ಬಾಲ, ಹನುಮ, ರಾಮ ಎಂದು ಕೇಳುವ ಮೊದಲೇ ಹೇಳಿಬಿಡುತ್ತಾರೆ. ಬ್ರಿಟಿಷರ ವಿರುದ್ಧದ ದೇಶಭಕ್ತಿಯ ಹೋರಾಟವೆಂದು ಕಲಿತಿರುತ್ತಾರೆ, ಅಲ್ಲಿಗೆ ಪ್ರಶ್ನೆ ನಿಂತಿರುತ್ತದೆ. ನಾನು ಕೇಳುವುದು ಇಷ್ಟು: ಬೇಡರು ಏನನ್ನು ಕೊಡಲು ಒಪ್ಪಲಿಲ್ಲ? 1857ರಲ್ಲಿ ಕಂಪನಿ ಸರ್ಕಾರ ಆಯುಧಗಳನ್ನು ಒಪ್ಪಿಸಿರೆಂದು ಕಾಯ್ದೆ ತಂದಿತು. ಬೇಡನಿಗೆ ಆಯುಧವೆಂದರೆ ಬೇಟೆಯ ಅನ್ನ, ಕಾವಲಿನ ವೃತ್ತಿ, ಮರ್ಯಾದೆ ಮೂರೂ ಹೌದು. ಯಾರ ಕೈಯಲ್ಲಿ ಏನಿರಬೇಕು ಎಂದು ದೂರದ ಅಧಿಕಾರ ನಿರ್ಧರಿಸಿತು, ಒಂದು ಊರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ಸೈನ್ಯ ಬಂದು ಹಲಗಲಿಯನ್ನು ಸುಟ್ಟಿತು. ಡಿಸೆಂಬರ್‌ನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು, ಮುಧೋಳದಲ್ಲಿ 13, ಹಲಗಲಿಯಲ್ಲಿ 6. ಕಾಯ್ದೆ, ನಿರಾಕರಣೆ, ದಂಡನೆ ಎಂಬ ಈ ಸರಣಿಯನ್ನು ಒಮ್ಮೆ ಕಂಡವರಿಗೆ, ಹುಟ್ಟಿನಿಂದಲೇ ಕೆಲವು ಸಮುದಾಯಗಳನ್ನು ಅಪರಾಧಿಗಳೆಂದ 1871ರ ಕಾಯ್ದೆಯನ್ನು ವಿವರಿಸಲು ಹೆಚ್ಚು ಸಮಯ ಬೇಕಾಗುವುದಿಲ್ಲ. ಆ ಕಾಯ್ದೆಯ ಹೆಸರಿನಲ್ಲಿ ವಿಜಯಪುರದಲ್ಲಿಯೂ ‘ಸೆಟ್ಲಮೆಂಟ್’ ಹುಟ್ಟಿತು. ಹರಣಶಿಕಾರಿ, ಘಂಟಿಚೋರ ಮುಂತಾದ ಮನೆತನಗಳನ್ನು ಅಲ್ಲಿ ಹಾಜರಿ ಹಾಕಿ ಇರಿಸಿದರು. ಕಾಯ್ದೆ 1952ರಲ್ಲಿ ಹೋಯಿತು. ಬೈಗುಳಾಗಿ ಬಳಕೆಯಾದ ಆ ಹೆಸರುಗಳು ಹೋಗಲಿಲ್ಲ.

ಬಾಗಲಕೋಟೆಯ ಕಡೆಯ ವಿದ್ಯಾರ್ಥಿಗಳಿಗೆ ಸ್ಥಳಾಂತರದ ಪಾಠ ಬೇಗ ಹತ್ತುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರನ್ನು ಬಿಟ್ಟು ನವನಗರಕ್ಕೆ ಬಂದ ಮನೆಗಳ ಮಕ್ಕಳು ಅವರು. ಪರಿಹಾರದ ಕಡತ ಎಂದರೇನೆಂದು ಬಲ್ಲರು. ಆದರೂ ಒಂದು ವ್ಯತ್ಯಾಸವನ್ನು ನಾನು ಒತ್ತಿ ಹೇಳುತ್ತೇನೆ. ಉತಾರೆ, ಅಂದರೆ ಜಮೀನಿನ ದಾಖಲೆ, ಇದ್ದವನು ಪರಿಹಾರಕ್ಕಾಗಿ ವಾದಿಸಬಲ್ಲ. 2011ರಲ್ಲಿ ಅಭಯಾರಣ್ಯವಾದ ಭೀಮಗಡದ ಸುತ್ತಿನ ಕಾಡಿನಲ್ಲಿ ತಲೆಮಾರುಗಳಿಂದ ಎಮ್ಮೆ ಕಾಯ್ದ ಗೌಳಿಗೆ ಉತಾರೆಯೂ ಇಲ್ಲ, ಪಟ್ಟಿಯಲ್ಲಿ ಹೆಸರೂ ಇಲ್ಲ; ಅವನು ಮೊದಲು ತಾನು ಅಲ್ಲಿದ್ದೆನೆಂಬುದನ್ನೇ ವಾದಿಸಬೇಕು. ಮೇಲಾಗಿ ಕರ್ನಾಟಕದಲ್ಲಿ, ಆದಿವಾಸಿ ಪ್ರದೇಶಗಳಿಗೆ ವಿಶೇಷ ರಕ್ಷಣೆ ಕೊಡುವ ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶ ಒಂದೂ ಇಲ್ಲವಾದ್ದರಿಂದ, ಬೇರೆ ರಾಜ್ಯಗಳ ಅನುಸೂಚಿತ ಪ್ರದೇಶಗಳ ಗ್ರಾಮಸಭೆಗಳಿಗೆ 1996ರ ಪೆಸಾ ಕಾಯ್ದೆ ಕೊಟ್ಟ ಬಲ ಇಲ್ಲಿನ ಯಾವ ಹಾಡಿಗೂ, ಅಂದರೆ ಆದಿವಾಸಿಗಳ ಯಾವ ವಸತಿಗೂ, ಇಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಪರಿಶಿಷ್ಟ ಪಂಗಡದವರು 42 ಲಕ್ಷಕ್ಕಿಂತ ಹೆಚ್ಚು ಎಂದಿರುವಾಗ ಇದನ್ನು ಸಣ್ಣ ಸಂಗತಿ ಎನ್ನಲಾಗದು.

ಸಂವಿಧಾನ ಸಭೆಯಲ್ಲಿ ಆದಿವಾಸಿ ನಾಯಕ ಜೈಪಾಲ್ ಸಿಂಗ್ ಮುಂಡಾ ‘ಆದಿವಾಸಿ’ ಎಂಬ ಪದಕ್ಕಾಗಿ ಪಟ್ಟು ಹಿಡಿದದ್ದನ್ನು ನಾನು ಈಗ ಕೊನೆಗೆ ಓದಿಸುತ್ತೇನೆ. ಪಟ್ಟಿಯನ್ನು ಓದಿ ಬಂದವರಿಗೆ ಆ ಹಟ ಅರ್ಥವಾಗುತ್ತದೆ: ‘ಪರಿಶಿಷ್ಟ’ ಎಂಬುದು ಸರ್ಕಾರ ಕೊಟ್ಟ ಸ್ಥಾನ, ‘ಆದಿವಾಸಿ’ ಎಂಬುದು ತಾನೇ ಹೇಳಿಕೊಂಡ ಹಕ್ಕು. ಮೊದಲನೆಯದನ್ನು ಪಡೆದು ಎರಡನೆಯದನ್ನು ಬೇಡವೆನ್ನುವ ಸಮುದಾಯಗಳು ನಮ್ಮ ಕಡೆ ಇವೆ, ಹಾಗೆ ಹೇಳುವ ಅಧಿಕಾರವೂ ಅವರದೇ. ಮೊದಲ ವರ್ಷದ ಆ ವಿದ್ಯಾರ್ಥಿನಿಯನ್ನು ಆದಿವಾಸಿ ಎಂದು ಒಪ್ಪಿಸುವುದು ನನ್ನ ಕೆಲಸವಲ್ಲವೆಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ಮುಧೋಳದ ಆ ವಿದ್ಯಾರ್ಥಿನಿ ಪ್ರಬಂಧಕ್ಕೆ ಆರಿಸಿಕೊಂಡದ್ದು ಹಲಗಲಿಯ ಬಂಡಾಯವನ್ನಲ್ಲ. 1991ಕ್ಕಿಂತ ಮೊದಲು ತನ್ನ ಸೀಮೆಯಿಂದ ಅರ್ಜಿ ಬರೆದವರು ಯಾರು, ಅದನ್ನು ಹೊತ್ತು ಬೆಂಗಳೂರಿಗೆ ಹೋದವರು ಯಾರು, ಆ ಅರ್ಜಿಯಲ್ಲಿ ತಮ್ಮನ್ನು ಏನೆಂದು ಕರೆದುಕೊಂಡಿದ್ದರು ಎಂಬುದನ್ನು ಅವಳು ಹಿರಿಯರ ಮನೆ ಮನೆಗೆ ಹೋಗಿ ಕೇಳಿದಳು. ಒಬ್ಬ ಅಜ್ಜ ಟ್ರಂಕಿನಿಂದ ಮಡಿಚಿಟ್ಟ ಹಾಳೆಯೊಂದನ್ನು ತೆಗೆದು ಕೊಟ್ಟರಂತೆ. ಮಡಿಕೆಯ ಗೆರೆಯಲ್ಲಿ ಅಕ್ಷರಗಳು ಅಳಿಸಿ, ‘ನಾವು’ ಎಂಬುದರ ಮುಂದಿನ ಪದವನ್ನು ಓದಲಾಗಲಿಲ್ಲ ಎಂದು ಅವಳು ಪ್ರಬಂಧದಲ್ಲಿ ಬರೆದಿದ್ದಾಳೆ.