ಛೇದ ಎಲ್ಲುಂಟು?

2021ರ ಆಗಸ್ಟ್, ಕೊರೊನಾ ಕಾಲ. ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಒಂದು ಜೀನಸಿನಂಗಡಿ, ಹೊರಗೆ ಬಿಡದ ಮಳೆ. ಗೋಡೆಯ ನೋಟೀಸು ಪೂರ್ತಿ ಮಲಯಾಳ, ನಡುನಡುವೆ ಟಿಪಿಆರ್, ಡಬ್ಲ್ಯುಐಪಿಆರ್ ಎಂದು ಕೊರೊನಾ ಅಂಕಿಗಳ ಇಂಗ್ಲಿಷ್ ಅಕ್ಷರ. ಮಲಯಾಳ ಬಲ್ಲವರಿಗೇ ತಲೆಬುಡ ತಿಳಿಯದು, ಕನ್ನಡದವರ ಪಾಡು ಕೇಳುವುದೇ ಬೇಡ.

ಅಂತರಕ್ಕೆಂದು ಕಟ್ಟಿದ ಹಗ್ಗದಾಚೆ ನಿಂತವರೊಬ್ಬರು ಮೊಬೈಲು ಚಾಚಿದರು. “ಮಾಷ್ಟ್ರೇ, ಆಸ್ಪತ್ರೆ ಸೇರಿದವರಲ್ಲಿ ಹೆಚ್ಚಿನವರು ಲಸಿಕೆ ತಕೊಂಡವರೇ ಅಂತೆ. ಮತ್ತೆ ಚುಚ್ಚಿಸಿ ಎಂತ ಪ್ರಯೋಜನ?”

ಸಾಮಾನಿನ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು. 10,000 ಜನರ ಊರು ಅಂತ ಇಟ್ಟುಕೊಳ್ಳಿ. ಲಸಿಕೆ ಆದವರು 9,000, ಆಗದವರು 1,000. ಆಸ್ಪತ್ರೆ ಸೇರಿದ್ದು ಲಸಿಕೆ ಆದವರಲ್ಲಿ 18 ಮಂದಿ, ಆಗದವರಲ್ಲಿ 10. ಹದಿನೆಂಟೇ ದೊಡ್ಡದು, ಸರಿ. ಆದರೆ 18ನ್ನು 9,000ದಿಂದ ಭಾಗಿಸಿದರೆ ಸಾವಿರಕ್ಕೆ 2. 10ನ್ನು 1,000ದಿಂದ ಭಾಗಿಸಿದರೆ ಸಾವಿರಕ್ಕೆ 10. ಅಪಾಯ ಐದರಲ್ಲಿ ಒಂದಕ್ಕೆ ಇಳಿಯಿತು, ಅಂದರೆ ರಕ್ಷಣೆ ನೂರಕ್ಕೆ 80. ಸಂದೇಶ ಕಳಿಸಿದವ ಅಂಶ (ಮೇಲಿನ ಸಂಖ್ಯೆ) ಬರೆದು ಛೇದ (ಭಾಗಿಸುವ ಕೆಳಗಿನ ಸಂಖ್ಯೆ) ನುಂಗಿದ್ದ. ಊರಲ್ಲಿ ಎಲ್ಲರಿಗೂ ಲಸಿಕೆಯಾದರೆ ಆಸ್ಪತ್ರೆ ಸೇರುವವರೆಲ್ಲ ಲಸಿಕೆಯವರೇ ಅಲ್ಲವೇ?

ಇದರಲ್ಲೂ ಒಂದು ತೊಡಕುಂಟು. ಮಾರ್ಚ್ 1ರಿಂದ ಜನಸಾಮಾನ್ಯರಲ್ಲಿ ಮೊದಲು ಚುಚ್ಚಿಸಿಕೊಂಡದ್ದು 60 ದಾಟಿದವರು ಮತ್ತು ಬೇರೆ ಕಾಯಿಲೆಯಿರುವ 45 ದಾಟಿದವರು; ಲಸಿಕೆ ಇರಲಿ ಇಲ್ಲದಿರಲಿ ಆಸ್ಪತ್ರೆ ಸೇರುವ ಸಂಭವ ಅವರಿಗೇ ಹೆಚ್ಚು. ಹಾಗಾಗಿ ಅಜ್ಜಂದಿರನ್ನು ಅಜ್ಜಂದಿರ ಜೊತೆಗೇ ಹೋಲಿಸಬೇಕು. ವಯಸ್ಸು ಬೆರೆಸಿದರೆ ಲಸಿಕೆ ಇದ್ದದ್ದಕ್ಕಿಂತ ದುರ್ಬಲವಾಗಿ ಕಾಣುತ್ತದೆ.

ಇನ್ನು ನೋಟೀಸು. ಟಿಪಿಆರ್ ಅಂದರೆ ಪರೀಕ್ಷೆಗಳಲ್ಲಿ ಪಾಸಿಟಿವ್ ಬಂದವುಗಳ ಪ್ರಮಾಣ. ಟಿಪಿಆರ್‌ನ ಛೇದ ಪರೀಕ್ಷೆಗಳ ಸಂಖ್ಯೆ. ಜ್ವರ ಬಂದ 400 ಮಂದಿಯಲ್ಲಿ 60 ಪಾಸಿಟಿವ್ ಆದರೆ ನೂರಕ್ಕೆ 15. ಕ್ಯಾಂಪು ಮಾಡಿ ಇನ್ನೂ 600 ಮಂದಿಯನ್ನು ಪರೀಕ್ಷಿಸಿ 15 ಸಿಕ್ಕಿದರೆ, ಒಟ್ಟು ಸಾವಿರಕ್ಕೆ 75, ಅಂದರೆ ನೂರಕ್ಕೆ 7.5. ಸಿಕ್ಕ ರೋಗಿಗಳು ಹೆಚ್ಚು, ಅಂಕಿ ಮಾತ್ರ ಅರ್ಧ! ಕೇರಳದಲ್ಲಿ ಆ ತಿಂಗಳು ಡಬ್ಲ್ಯುಐಪಿಆರ್ ಬಂತು, ಅಂದರೆ ಜನಸಂಖ್ಯೆಗೆ ಹೋಲಿಸಿದ ವಾರದ ಸೋಂಕಿನ ಪ್ರಮಾಣ. ಅದರ ಛೇದ ಜನಸಂಖ್ಯೆ. ವಾರದ ಪಾಸಿಟಿವ್ ಸಂಖ್ಯೆಯನ್ನು ಸಾವಿರದಿಂದ ಗುಣಿಸಿ ಊರಿನ ಜನಸಂಖ್ಯೆಯಿಂದ ಭಾಗಿಸುವುದು. 20,000 ಜನರಲ್ಲಿ ವಾರಕ್ಕೆ 160 ಸಿಕ್ಕಿದರೆ ಸಾವಿರಕ್ಕೆ 8. ಇದರಲ್ಲೂ ಪರೀಕ್ಷೆಯೇ ಮಾಡದಿದ್ದರೆ ಅಂಕಿ ಚಂದ ಕಾಣುತ್ತದೆ ಅನ್ನಿ.

‘ನೂರಕ್ಕೆ 90 ಮಂದಿಗೆ ಲಸಿಕೆ ಆಯಿತು’ ಎಂಬ ಮಾತಿನಲ್ಲೂ ಅದೇ ಕತೆ. ಆಗ 18 ದಾಟಿದವರಷ್ಟೇ ಅರ್ಹರು. 20,000 ಜನರಲ್ಲಿ ಅರ್ಹರು 14,000, ಅವರಲ್ಲಿ 12,600 ಮಂದಿಗೆ ಆದರೆ 90; ಇಡೀ ಊರಿಗೆ ಹಂಚಿದರೆ 63. ಮೊದಲ ಡೋಸೋ ಎರಡೂ ಆದದ್ದೋ ಎಂಬುದು ಬೇರೆ ಪ್ರಶ್ನೆ.

ಎಇಎಫ್‌ಐ ಎಂಬುದೂ ಮೊಬೈಲಿನಲ್ಲಿತ್ತು. ಲಸಿಕೆಯ ನಂತರ ಕಂಡ ತೊಂದರೆ ಎಂದಷ್ಟೇ ಅದರ ಅರ್ಥ. ಲಸಿಕೆಯಿಂದಲೇ ಆದದ್ದೋ ಎಂಬುದು ತನಿಖೆಯ ಮೇಲೆ ತಿಳಿಯುವಂಥದ್ದು.

ಅವರು ಚೀಟಿ ಮಡಚಿ ಕಿಸೆಗಿಟ್ಟರು. “ಎಲ್ಲ ಸರಿ. ಎರಡು ಡೋಸ್ ಆಗಿಯೂ ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗಲು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ಪರೀಕ್ಷೆಯ ವರದಿ ಬೇಕಲ್ಲ, ಅದರ ಛೇದ ಎಂತದು ಮಾಷ್ಟ್ರೇ?”

ಮಳೆ ಸ್ವಲ್ಪ ಬಿಟ್ಟಿತ್ತು. ಕೊಡೆ ಬಿಚ್ಚಿ ಹೊರಟೆ.