ಬಾಟಲಿಯ ಚೀಟಿಯಲ್ಲಿದ್ದ ಬೌಲೆಂಜರ್

ಪ್ರಾಣಿಶಾಸ್ತ್ರ ಓದಿದವರಿಗೆ ಬೌಲೆಂಜರ್ ಅಂದರೆ ಮೊದಮೊದಲು ಒಂದು ಹೆಸರಷ್ಟೇ. ಕಪ್ಪೆಯ ವೈಜ್ಞಾನಿಕ ಹೆಸರಿನ ಕೊನೆಗೆ, ಆ ಹೆಸರಿಟ್ಟವರು ಯಾರು ಅಂತ ತಿಳಿಸಲು, ಅಂಟಿಕೊಂಡಿರುತ್ತದೆ, ಪಕ್ಕದಲ್ಲಿ 1882 ಅಂತ ಇಸವಿ. ರೆಕಾರ್ಡ್ ಬುಕ್‌ನಲ್ಲಿ ಸುಮ್ನೆ ಬರೆದು ಮುಂದೆ ಹೋಗುತ್ತಿದ್ದೆವು. ಆ ಹೆಸರಿನ ಹಿಂದಿನ ಮನುಷ್ಯನ ಪರಿಚಯ ಮಾಡಿಸಿದವರು ನಮ್ಮ ಮೇಡಂ.

ಜಾರ್ಜ್ ಆಲ್ಬರ್ಟ್ ಬೌಲೆಂಜರ್ ಹುಟ್ಟಿದ್ದು 1858ರಲ್ಲಿ, ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ. ಕೆಲಸ ಶುರು ಮಾಡಿದ್ದೂ ಅಲ್ಲಿನ ಮ್ಯೂಸಿಯಂನಲ್ಲೇ. 1878ರಲ್ಲಿ ಬೆರ್ನಿಸಾರ್ ಊರಿನ ಕಲ್ಲಿದ್ದಲು ಗಣಿಯಲ್ಲಿ ಇಗ್ವಾನೊಡಾನ್ ಡೈನೋಸಾರ್‌ಗಳು ಸಿಕ್ಕವು. ಅವು ಬೇರೆಯೇ ಪ್ರಭೇದ ಅಂತ 1881ರಲ್ಲಿ ಹೇಳಿ ಹೆಸರಿಟ್ಟವರು ಈ ಹುಡುಗ. ಆಮೇಲೆ ಲಂಡನ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿದರು. 1920ರಲ್ಲಿ ನಿವೃತ್ತಿ ಆಗುವ ತನಕ ಅಲ್ಲೇ.

ಅವರು ಮಾಡಿದ ಕೆಲಸ ಹೊರಗಿನಿಂದ ನೋಡಿದರೆ ಬಹಳ ಬೇಸರದ್ದು ಅನಿಸಬಹುದು. ಜಗತ್ತಿನ ಮೂಲೆಮೂಲೆಯಿಂದ, ಸತ್ತ ಪ್ರಾಣಿಗಳನ್ನು ಕೆಡದ ಹಾಗೆ ಮುಳುಗಿಸಿಟ್ಟ ಸ್ಪಿರಿಟ್ ಬಾಟಲಿಗಳು ಬರುತ್ತಿದ್ದವು. ಒಂದೊಂದನ್ನೂ ತೆಗೆದು, ಅಳೆದು, ಎಣಿಸಿ, ಬರೆಯುವುದು. ಕಪ್ಪೆಗಳ ಪಟ್ಟಿ 1882ರಲ್ಲಿ ಬಂತು. ಹಲ್ಲಿ-ಓತಿಗಳದ್ದು ಮೂರು ಸಂಪುಟ, 1885ರಿಂದ 87. ಹಾವುಗಳದ್ದು ಮತ್ತೆ ಮೂರು, 1893ರಿಂದ 96. ಕೊನೆಗೆ ಆಫ್ರಿಕಾದ ಸಿಹಿನೀರಿನ ಮೀನುಗಳದ್ದು ನಾಲ್ಕು. ಅವರು ಹೆಸರಿಟ್ಟ ಪ್ರಭೇದಗಳು ಎರಡು ಸಾವಿರಕ್ಕೂ ಜಾಸ್ತಿ, ಅದರಲ್ಲಿ ಮೀನುಗಳೇ ಸಾವಿರದ ಮೇಲೆ. ಬರೆದದ್ದನ್ನು ತಿದ್ದಿ ಮತ್ತೆ ಬರೆಯುವ ಅಭ್ಯಾಸವೇ ಇರಲಿಲ್ಲವಂತೆ. ಪಿಟೀಲನ್ನೂ ನುಡಿಸುತ್ತಿದ್ದರು.

ಆ ಎಣಿಕೆ ಎಂಥದ್ದು ಅಂತ ನಮಗೆ ಗೊತ್ತಾಗಿದ್ದು ಪ್ರಾಕ್ಟಿಕಲ್ ತರಗತಿಯಲ್ಲಿ. ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತಿತ್ತು. ಟ್ರೇನಲ್ಲಿ ಒಂದು ಹಾವು. ವರ್ಷಗಟ್ಟಲೆ ಬಾಟಲಿಯಲ್ಲಿದ್ದು ಬಣ್ಣವೆಲ್ಲ ಹೋಗಿ ಬೂದು ಹಗ್ಗದ ಹಾಗೆ ಆಗಿತ್ತು. ಇದು ನಾಗರವೋ ಕೇರೆಯೋ ಅಂತ ಮೇಡಂ ಕೇಳಿದರು. ಹೆಡೆ ಬಿಚ್ಚದ ಸತ್ತ ಹಾವನ್ನು ಗುರುತಿಸುವುದು ಹೇಗೆ?

"ಬಣ್ಣ ನಂಬ್ಬೇಡಿ, ಹುರುಪೆ ನೋಡಿ" ಅಂದರು. ಸೂಜಿಯ ತುದಿಯಿಂದ ಮೇಲ್ದುಟಿಯ ಹುರುಪೆಗಳನ್ನು ಮುಂದಿನಿಂದ ಎಣಿಸಿದೆವು. ಮೂರನೆಯದು ಒಂದು ಕಡೆ ಕಣ್ಣನ್ನೂ ಇನ್ನೊಂದು ಕಡೆ ಮೂಗಿನ ಹುರುಪೆಯನ್ನೂ ಮುಟ್ಟಿತ್ತು. ಹೊಟ್ಟೆಯಡಿ ಬಾಲ ಶುರುವಾಗುವ ಕಡೆ ಇರುವ ಗುದದ ಹುರುಪೆ ಇಡಿಯಾಗಿತ್ತು. ಕೇರೆಯಾಗಿದ್ದರೆ ಅದು ಎರಡಾಗಿ ಸೀಳಿರುತ್ತದೆ. ನಾಗರವೇ! ಇಂಥ ಗುರುತುಗಳನ್ನು ಸಾವಿರಾರು ಹಾವುಗಳಲ್ಲಿ ನೋಡಿ ಬರೆದಿಟ್ಟವರು ಬೌಲೆಂಜರ್ ಅಂತ ಮೇಡಂ ಹೇಳಿದಾಗ ನನಗೆ ಆ ಹೆಸರಿನ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು.

ನಮ್ಮ ಘಟ್ಟಕ್ಕೂ ಅವರಿಗೂ ಗಟ್ಟಿ ನಂಟಿದೆ. ಹಳ್ಳದ ಕಲ್ಲುಗಳ ನಡುವೆ ಇರುವ ಇರುಳುಗಪ್ಪೆಗಳಿವೆಯಲ್ವಾ, ನಿಕ್ಟಿಬ್ಯಾಟ್ರಾಕಸ್? ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಆ ಕುಲಕ್ಕೆ 1882ರಲ್ಲಿ ಹೆಸರು ಕೊಟ್ಟವರು ಅವರು. ಮೊಟ್ಟೆಯ ಮೇಲೆ ಕೆಸರು ಮೆತ್ತಿ ಕಾಪಾಡುವ ಉತ್ತರ ಕನ್ನಡದ ಕುಂಬಾರ ಕಪ್ಪೆ 2014ರಲ್ಲಿ ಸೇರಿದ್ದು ಇದೇ ಕುಲಕ್ಕೆ. 2011ರಲ್ಲಿ ಈ ಕುಲದ 12 ಹೊಸ ಪ್ರಭೇದಗಳು ಒಟ್ಟಿಗೇ ವರದಿಯಾದವು. ಹೊಸದು ಅಂತ ಹೇಳಬೇಕಾದರೆ, ಹಿಂದೆ ಹೆಸರಿಡುವಾಗ ಆಧಾರವಾಗಿಟ್ಟುಕೊಂಡ ಹಳೆಯ ಮಾದರಿಯ ಜೊತೆ ಇಟ್ಟು ನೋಡಲೇಬೇಕು. ಹಳೆಯದು ಲಂಡನ್‌ನಲ್ಲಿ ಜೋಪಾನವಾಗಿದೆ.

ನಮ್ಮಲ್ಲಿ ಹಾಗಾಗಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣ ರಾವ್ ಘಟ್ಟದ ಕಪ್ಪೆಗಳ ಮೇಲೆ ದೊಡ್ಡ ಕೆಲಸ ಮಾಡಿದವರು. 1937ರಲ್ಲಿ ಎಷ್ಟೋ ಹೊಸ ಕಪ್ಪೆಗಳನ್ನು ವಿವರಿಸಿದರು. ಆದರೆ ಅವರು ಇಟ್ಟಿದ್ದ ಮೂಲ ಮಾದರಿಗಳು ಕಳೆದುಹೋದವು. ಹಾಗಾಗಿ ಅವರು ಹೇಳಿದ ಕೆಲವು ಕಪ್ಪೆಗಳು ನಿಜಕ್ಕೂ ಯಾವುವು ಅಂತ ಗುರುತಿಸುವುದೇ ಇವತ್ತು ಕಷ್ಟ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅಷ್ಟು ದೊಡ್ಡ ವಿದ್ವಾಂಸರ ಶ್ರಮ!

ನಿವೃತ್ತಿಯ ನಂತರ ಬೌಲೆಂಜರ್ ಬೆಲ್ಜಿಯಂಗೆ ಮರಳಿ ಗುಲಾಬಿ ಗಿಡಗಳ ಅಧ್ಯಯನಕ್ಕೆ ಕೂತರು. 1937ರಲ್ಲಿ ತೀರಿಕೊಂಡರು.

ನಮ್ಮ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಈಗ ಓದುತ್ತಿರುವ ತಮ್ಮ ತಂಗಿಯರಲ್ಲಿ ನನ್ನದೊಂದು ಕೋರಿಕೆ. ಕಪಾಟಿನ ಬಾಟಲಿಗಳನ್ನು ವರ್ಷಕ್ಕೊಮ್ಮೆಯಾದರೂ ತೆಗೆದು ನೋಡಿ. ದ್ರವ ಇಳಿದಿದ್ದರೆ ಮೇಡಂ, ಸರ್ ಹತ್ತಿರ ಹೇಳಿ ತುಂಬಿಸಿ. ಚೀಟಿ ಮಾಸಿದ್ದರೆ ಪೆನ್ಸಿಲ್‌ನಲ್ಲಿ ಹೊಸದು ಬರೆದು ಬಾಟಲಿಯೊಳಗೇ ಹಾಕಿ. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಅನ್ನುವುದು ಅದರಲ್ಲಿ ಇರಲೇಬೇಕು. ಹಳೆಯ ಚೀಟಿಯನ್ನು ಮಾತ್ರ ಎಸೆಯಬೇಡಿ, ಹೊಸದರ ಜೊತೆಗೇ ಇರಲಿ.