ಶನಿವಾರದ ಬಟವಾಡೆ

29 ನವೆಂಬರ್ 2025, ಶನಿವಾರ
ಮೈಸೂರು, ರಾತ್ರಿ

ಅಣ್ಣನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಬರೆದರಾದರೂ ಮನಸ್ಸು ಒಂದು ಹದಕ್ಕೆ ಬಂದೀತೆಂದು ಕೂತಿದ್ದೇನೆ.

ಮಂಡ್ಯದಲ್ಲಿ ಅವನು ಮನೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸುತ್ತಿರುವುದು ನಿಮಗೆ ಗೊತ್ತೇ ಇದೆ. ಈ ಕ್ರಿಸ್ಮಸ್ಸಿಗೆ ನಾವೆಲ್ಲ ಮೇಲಿನ ಹಾಲಿನಲ್ಲೇ ಎಲೆ ಹಾಕಿಕೊಂಡು ಊಟ ಮಾಡಬೇಕು ಅನ್ನೋದು ಅವನ ಆಸೆ. ಮೋಲ್ಡ್ ಆಗಿ, ಗೋಡೆಗೆ ಗಾರೆ ಮುಗಿದು, ಈಗ ನೆಲದ ಕೆಲಸ ನಡೀತಿದೆ. ಅತ್ತಿಗೆ ಎಷ್ಟು ದಿನದಿಂದ ಕರೀತಿದ್ದರು. ಹೋದೆ. ಮುದ್ದೆ, ನಾಟಿಕೋಳಿ ಸಾರು, ಪುಟ್ಟನ ಹಾಡು. ಈ ಸಲದ ಕ್ಯಾರಲ್ಸ್‌ನಲ್ಲಿ ಅವನೊಬ್ಬನೇ ಹಾಡುವ ಭಾಗ ಒಂದಿದೆಯಂತೆ, ಮನೆ ತುಂಬ ಅದೇ. ಸಂಜೆಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಐದೂವರೆಗೆ ಮೇಸ್ತ್ರಿ ಮೇಲಿಂದ ಇಳಿದು ಬಂದರು. ಹಿಂದೆ ಇಬ್ಬರು ಚಿತ್ತಾಳುಗಳು, ಇಬ್ಬರೂ ಹೆಂಗಸರು. ಸಂಪಿನ ಹತ್ತಿರ ಕೈಕಾಲು ತೊಳೆದು, ಕೆಲಸಕ್ಕೆ ಹಾಕಿಕೊಂಡಿದ್ದ ಹಳೇ ಶರಟು ಬಿಚ್ಚಿ ಚೀಲಕ್ಕೆ ತುರುಕಿ, ಬಾಗಿಲ ಪಕ್ಕ ಬಂದು ನಿಂತರು. ಶನಿವಾರ, ಬಟವಾಡೆ. ದುಡ್ಡು ಅನ್ನೋ ಮಾತನ್ನ ಯಾರೂ ಎತ್ತಲಿಲ್ಲ, ಸುಮ್ಮನೆ ನಿಂತರು.

ಅಣ್ಣ ಕೂತಲ್ಲಿಂದಲೇ, "ಬುಧವಾರ ನೋಡಾಣ ಮೇಸ್ತ್ರಿ. ಈ ವಾರ ಎಲ್ಲ ಗ್ರಾನೈಟಿಗೇ ಹೋಯ್ತು" ಅಂದ.

"ಹೋದ್ ವಾರದ್ದೂ ಅರ್ಧ ನಿಂತದೆ ಸಾ."

"ಓಡೋಯ್ತೀನಾ ನಾನು? ಮನೆ ಇಲ್ಲೇ ಅದಲ್ಲ."

ಇಬ್ಬರಲ್ಲಿ ಸ್ವಲ್ಪ ವಯಸ್ಸಾದ ಆಕೆ ಅತ್ತಿಗೆಯ ಕಡೆ ತಿರುಗಿ, "ಸೋಮವಾರ ಸಂಘದ ಕಂತು ಕಣಕ್ಕ, ಏನಾರ ಸ್ವಲ್ಪ ಮಾಡ್ಕೊಡ್ಸಿ" ಅಂದರು. ಅಣ್ಣ ಜೇಬಿನಿಂದ ಐನೂರರ ಎರಡು ನೋಟು ತೆಗೆದು ಮೇಸ್ತ್ರಿ ಕೈಗಿಟ್ಟ. "ಖರ್ಚಿಗೆ ಮಡಿಕ್ಕೊಳಿ. ಮಿಕ್ಕಿದ್ದು ಬುಧವಾರ." ಅವರು ಹೋದರು. ಗೇಟು ಹಾಕಿಕೊಂಡು ಹೋದರು, ಅದೂ ಮರೆಯಲಿಲ್ಲ.

ನಾನು ಅಣ್ಣನನ್ನೇ ಕೇಳಿದೆ. "ಬ್ಯಾಂಕಲ್ಲಿ ಇಲ್ವಾಣ್ಣ?"

"ಅದೆ. ಮುಂದಿನ್ ವಾರ ಪೇಂಟಿನವನಿಗೆ ಅಡ್ವಾನ್ಸ್ ಕೊಡ್ಬೇಕಲ್ಲ. ನಿಂಗೆ ಈ ಗಾರೆ ಕೆಲಸದೋರ ವಿಚಾರ ಗೊತ್ತಿಲ್ಲ ಕಣಮ್ಮಣ್ಣಿ. ಪೂರ್ತಿ ಚುಕ್ತಾ ಮಾಡ್‌ಬುಟ್ರೆ ಸೋಮವಾರ ಬೇರೆ ಕಡೆ ಹೊಂಟೋಯ್ತಾರೆ. ಒಂದಿಷ್ಟು ನಮ್ಮ ಕೈಲಿದ್ರೇನೇ ಬರೋದು. ಅದೂ ಅಲ್ದೆ ಮೇಸ್ತ್ರಿ ಕುಡೀತಾನೆ. ಶನಿವಾರ ಕೊಟ್ರೆ ಭಾನುವಾರ ಖಾಲಿ."

"ನಾನು ಕೊಡ್ಲಾ? ಆಮೇಲೆ ನೀನು ನಂಗೆ ಕೊಡು."

ಅದಕ್ಕೆ ಸಿಟ್ಟು ಬಂತು ಅವನಿಗೆ. "ನಿನ್ನ ದುಡ್ಡಲ್ಲಿ ಮನೆ ಕಟ್ಟಿಸ್ಬೇಕಾ ನಾನು? ಮೋಸ ಮಾಡ್ತಾ ಇದೀನಾ? ಕೊಡಲ್ಲ ಅಂದ್ನಾ? ನಾಲ್ಕು ದಿನ, ಅಷ್ಟೆ."

ನಾಲ್ಕು ದಿನ, ಅಷ್ಟೆ. ರೈಲಿನಲ್ಲಿ ಎಲಿಯೂರು ದಾಟಿ, ಪಾಂಡವಪುರ ದಾಟಿ, ಶ್ರೀರಂಗಪಟ್ಟಣದ ಸೇತುವೆ ಬಂದರೂ ಇದೊಂದೇ ಮಾತು ತಲೆಯಲ್ಲಿ. ಅವನಿಗೆ ಅದು ನಾಲ್ಕೇ ದಿನ. ಆ ಹೆಂಗಸಿಗೆ ನಡುವೆ ಒಂದು ಸೋಮವಾರ ಇದೆ. ಸಂಘದ ಕಂತು ಅಂದರೆ ನಮ್ಮ ಕಡೆ ಏನೆಂದು ಗೊತ್ತಲ್ಲ. ಹತ್ತು ಹೆಂಗಸರು ಒಬ್ಬರಿಗೊಬ್ಬರು ಜಾಮೀನು. ಒಬ್ಬಳದು ತಪ್ಪಿದರೆ ಮಿಕ್ಕವರೆಲ್ಲ ಅವಳ ಮನೆ ಮುಂದೆ ಬಂದು ಕೂರುತ್ತಾರೆ. ಈ ಕಿರುಸಾಲದ ವಸೂಲಿಯ ಕಿರುಕುಳ ಮಿತಿ ಮೀರಿ, ಜನ ಊರು ಬಿಟ್ಟು ಹೋಗುವಂತಾಗಿ, ಈ ವರ್ಷ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಸುಗ್ರೀವಾಜ್ಞೆ ಬಂದರೂ ಕಂತು ನಿಲ್ಲುವುದಿಲ್ಲ. ಬೆಳಗಿಂದ ಸಂಜೆವರೆಗೆ ಎರಡನೇ ಅಂತಸ್ತಿಗೆ ಬಾಂಡ್ಲಿ ಹೊತ್ತವಳು ನಾಳೆ ಆ ದುಡ್ಡಿಗೆ ಪಕ್ಕದ ಮನೆಯಲ್ಲಿ ಕೈ ಒಡ್ಡಬೇಕು.

ಬೈಬಲಿನ ಧರ್ಮೋಪದೇಶಕಾಂಡ 24ನೇ ಅಧ್ಯಾಯವನ್ನು ರೈಲಿನಲ್ಲೇ ಫೋನಿನಲ್ಲಿ ತೆಗೆದು ಓದಿದೆ. ಎಷ್ಟೋ ಸಲ ಓದಿದ್ದೇ. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡಿದ್ದರೆ ಹೊತ್ತು ಮುಳುಗುವಾಗ ತಿರುಗಿ ಕೊಡು, ಅವನು ಅದನ್ನು ಹೊದ್ದು ಮಲಗಬೇಕು ಅನ್ನುತ್ತದೆ. ಅದಾದ ಮೇಲೇ ಕೂಲಿಯ ಮಾತು. ಅವನು ನಿಮ್ಮವನೇ ಆಗಿರಲಿ, ಹೊರಗಿನವನೇ ಆಗಿರಲಿ, ಆ ದಿನದ ಕೂಲಿಯನ್ನು ಆ ದಿನವೇ ಹೊತ್ತು ಮುಳುಗುವ ಮೊದಲು ಕೊಡು. ಅವನು ಬಡವ, ಅದರ ಮೇಲೇ ಮನಸ್ಸಿಟ್ಟುಕೊಂಡಿದ್ದಾನೆ. ಕೊಡದಿದ್ದರೆ ಅವನು ದೇವರಿಗೆ ಮೊರೆಯಿಟ್ಟಾನು, ಆಗ ಅದು ನಿನಗೆ ಪಾಪ.

ಮನಸ್ಸಿಟ್ಟುಕೊಂಡಿದ್ದಾನೆ ಅನ್ನುವುದನ್ನು ಇವತ್ತು ಕಣ್ಣಾರೆ ಕಂಡೆ. ಮುಖ ತೊಳೆದು ತಲೆ ಬಾಚಿಕೊಂಡು ಆ ಇಬ್ಬರು ಬಾಗಿಲಲ್ಲಿ ನಿಂತಿದ್ದರಲ್ಲ, ಅಷ್ಟು ಹೊತ್ತಿಗೆ ಆ ದುಡ್ಡು ಅವರ ಲೆಕ್ಕದಲ್ಲಿ ಆಗಲೇ ಖರ್ಚಾಗಿ ಹೋಗಿತ್ತು. ಇಷ್ಟು ಕಂತಿಗೆ, ಇಷ್ಟು ಅಂಗಡಿ ಸಾಲಕ್ಕೆ, ಉಳಿದರೆ ಭಾನುವಾರಕ್ಕೆ ಕಾಲು ಕೆಜಿ ಏನಾದರೂ.

ಯಾಜಕಕಾಂಡ 19 ಇನ್ನೂ ಬಿಗಿ. ಅಲ್ಲಿ 13ನೇ ವಚನದಲ್ಲಿ, ನೆರೆಯವನನ್ನು ಹಿಂಸಿಸಬೇಡ, ಅವನದನ್ನು ಕಿತ್ತುಕೊಳ್ಳಬೇಡ ಎಂದ ಅದೇ ಉಸಿರಿನಲ್ಲಿ, ಕೂಲಿಯವನ ಕೂಲಿ ಬೆಳಗಿನವರೆಗೆ ನಿನ್ನಲ್ಲಿ ಉಳಿಯಬಾರದು ಎಂದಿದೆ. ಪೂರ್ತಿ ಕೊಡದೆ ನುಂಗಿದವನ ಮಾತಲ್ಲ ಅದು. ಒಂದು ರಾತ್ರಿ ಇಟ್ಟುಕೊಂಡವನ ಮಾತು. ಆ ಒಂದು ರಾತ್ರಿಯನ್ನು ಕಳ್ಳತನದ ಪಕ್ಕದಲ್ಲೇ ಕೂರಿಸಿದ್ದಾರೆ. ಅದೇ ಅಧ್ಯಾಯದ 18ನೇ ವಚನ ನಮ್ಮ ಸಂಡೇ ಸ್ಕೂಲಿನ ಮಕ್ಕಳಿಗೂ ಬಾಯಿಪಾಠ: ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ಯೇಸು ಸ್ವಾಮಿ ಎತ್ತಿ ಹೇಳಿದ ಮಾತು, ನಮ್ಮ ಗೋಡೆಗಳ ಮೇಲೆಲ್ಲ ಇದೆ. ಅದಕ್ಕೆ ಐದು ವಚನ ಮುಂಚೆ ಇರುವ ಈ ಕೂಲಿಯ ಮಾತನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ ಮನೆಯನ್ನು ನಾನು ನೋಡಿಲ್ಲ. ನೆರೆಯವನನ್ನು ಪ್ರೀತಿಸುವುದು ಎಂದರೆ ಏನು ಎಂದು ಕೇಳಿದರೆ ನನಗೀಗ 13ನೇ ವಚನವೇ ಮೊದಲು ನೆನಪಾಗುತ್ತದೆ.

ಅಣ್ಣನಿಗೆ ಇದೆಲ್ಲ ಗೊತ್ತಿಲ್ಲ ಅಂತಲ್ಲ. ಅದೇ ನನ್ನ ಸಂಕಟ. ಚರ್ಚಿನ ಸಭೆಯಲ್ಲಿ ಹಿರಿಯ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ, ತಾರೀಖಿಗೊಂದು ಎಂದು ಪ್ರತಿ ತಿಂಗಳೂ ಓದುವ ಅಭ್ಯಾಸ ಅಪ್ಪನಿಂದ ಅವನಿಗೆ ಬಂದದ್ದು. ಇವತ್ತು 29. ನೀತಿವಂತ ಬಡವರ ನ್ಯಾಯವನ್ನು ಗಮನಿಸುತ್ತಾನೆ ಎಂಬ 7ನೇ ವಚನ ಬೆಳಿಗ್ಗೆ ಅವನ ಕಣ್ಣ ಮುಂದೆಯೇ ಹಾದುಹೋಗಿರಬೇಕು. ಅವನು ಹೇಳಿದ ಬುಧವಾರ 3ನೇ ತಾರೀಖು. ಮೂರನೇ ಅಧ್ಯಾಯ. ಅದರ 27, 28ನೇ ವಚನ: ಮಾಡುವ ಶಕ್ತಿ ನಿನ್ನ ಕೈಯಲ್ಲಿರುವಾಗ, ಯಾರಿಗೆ ಸಲ್ಲಬೇಕೋ ಅವರಿಗೆ ಒಳ್ಳೆಯದನ್ನು ತಡೆಹಿಡಿಯಬೇಡ, ಕೊಡುವುದು ನಿನ್ನಲ್ಲಿರುವಾಗ ನೆರೆಯವನಿಗೆ, ಹೋಗಿ ಬಾ, ನಾಳೆ ಕೊಡುತ್ತೇನೆ ಅನ್ನಬೇಡ. ಪ್ರತಿ ತಿಂಗಳು ಅದನ್ನು ಓದುತ್ತಾನೆ ನನ್ನ ಅಣ್ಣ. ಜೋರಾಗಿ ಓದುತ್ತಾನೆ, ಒಳ್ಳೇ ದನಿ ಅವನದು.

ಹಿಂದೊಮ್ಮೆ ಬೆಂಗಳೂರು ಕಡೆಯೆಲ್ಲ ಮನೆ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರಲ್ಲ, ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವಕ್ಕೆ. ಆ ಮಾತನ್ನು ನಾವು ಮನುಷ್ಯರಿಗೆ ಹೇಳುತ್ತಿದ್ದೇವೆ. ಎಲ್ಲರಿಗೂ ಅಲ್ಲ. ಗ್ರಾನೈಟ್ ಅಂಗಡಿಯಲ್ಲಿ ಮೊನ್ನೆ ಪೂರ್ತಿ ದುಡ್ಡು ಕಟ್ಟಿದ ಮೇಲೇ ಕಲ್ಲು ಲಾರಿಗೆ ಹತ್ತಿದ್ದು. ಸಿಮೆಂಟಿನವನಿಗೂ ಹಾಗೇ. ಕರೆಂಟಿನ ಬಿಲ್ಲಿಗೆ ನಾಳೆ ಬಾ ಅನ್ನೋಕಾಗುತ್ತಾ? ಯಾರು ಮಾರನೇ ದಿನವೂ ತೆಪ್ಪಗೆ ಬರುತ್ತಾರೆ ಎಂದು ಗೊತ್ತಿದೆಯೋ ಅವರಿಗೇ ಹೇಳುವುದು. ಕಳೆದ ವಾರ, ನವೆಂಬರ್ 21ಕ್ಕೆ, ಹೊಸ ವೇತನ ಸಂಹಿತೆ ಜಾರಿಗೆ ಬಂತು. ದಿನಗೂಲಿಯಾದರೆ ಪಾಳಿ ಮುಗಿಯುತ್ತಿದ್ದಂತೆ, ವಾರದ ಲೆಕ್ಕವಾದರೆ ವಾರದ ರಜೆಗೆ ಮುಂಚಿನ ದಿನ ಕೊಡಬೇಕು ಎಂದೇ ಅದರಲ್ಲಿದೆ. ಮೋಶೆಯ ಧರ್ಮಶಾಸ್ತ್ರದ ಹೊತ್ತು ಮುಳುಗುವ ಗಡುವಿಗೆ ಇಷ್ಟು ಸಾವಿರ ವರ್ಷದ ಮೇಲೆ ನಮ್ಮ ಕಾನೂನೂ ಬಂದು ನಿಂತಿದೆ. ಮಂಡ್ಯದ ಆ ಓಣಿಗೆ ಇನ್ನೂ ಬಂದಿಲ್ಲ.

ಅಣ್ಣ ಕೆಟ್ಟವನಲ್ಲ. ಇದನ್ನು ಬರೆಯಲೇಬೇಕು. ಅಪ್ಪ ಹೋದ ಮೇಲೆ ನನ್ನ ಓದಿಗೆ ದುಡ್ಡು ಕಟ್ಟಿದವನು, ನನ್ನ ಮದುವೆಗೆ ಬೈಕು ಮಾರಿದವನು. ನನ್ನ ಹೆರಿಗೆಯ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣು ಮುಚ್ಚದೆ ಕೂತಿದ್ದವನು. ಅವನ ಕೈ ಬಿಗಿಯಲ್ಲ. ಅಂಥವನ ಬಾಯಲ್ಲೂ ಈ ಬುಧವಾರ ಅನ್ನುವ ಮಾತು ಎಷ್ಟು ಸಲೀಸಾಗಿ ಬಂತು ಅನ್ನುವುದೇ ನನ್ನನ್ನು ಹೆದರಿಸುತ್ತಿರುವುದು.

ಅಪ್ಪನ ಶನಿವಾರಗಳು ಹೀಗಿರಲಿಲ್ಲ. ಮರಗೆಲಸದ ಸಣ್ಣ ಕಾಂಟ್ರಾಕ್ಟು, ಕೈಕೆಳಗೆ ನಾಲ್ಕೈದು ಜನ. ಮನೆ ಕಟ್ಟಿಸುವವರು ಬಿಲ್ಲು ಕೊಡದಿದ್ದರೂ ಬಟವಾಡೆ ತಪ್ಪುತ್ತಿರಲಿಲ್ಲ. ಪಕ್ಕದ ಪಾಲಿಷ್ ಸಾಬರ ಹತ್ತಿರ ಕೈಗಡ ತಂದು ಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಬೆವರು ಆರೋ ಮೊದಲು ಕೂಲಿ ಕೊಡಿ ಅಂತ ನಮ್ಮ ಪೈಗಂಬರರೂ ಹೇಳವ್ರೆ ಎಂದು ಸಾಬರು ನೋಟು ಎಣಿಸಿ ಕೊಡುತ್ತಿದ್ದರು. ಅಪ್ಪ ಜಗಲಿಯ ಮೇಲೆ ಕೂತು ಹಂಚುತ್ತಿದ್ದರು. ಹಂಚಿ ಮುಗಿಯುವವರೆಗೆ ಅಮ್ಮ ಕಾಫಿ ಕೊಟ್ಟರೂ ಮುಟ್ಟುತ್ತಿರಲಿಲ್ಲ.

ಯೆರೆಮೀಯನ 22ನೇ ಅಧ್ಯಾಯ ಓದಿದಾಗಲೆಲ್ಲ ನನಗೆ ಆ ಜಗಲಿ ಕಾಣುತ್ತದೆ. ಅರಸ ಯೋಷೀಯನ ಮಗ ಯೆಹೋಯಾಕೀಮ ದೊಡ್ಡ ಮನೆ ಕಟ್ಟಿಸುತ್ತಾನೆ. ಅನ್ಯಾಯದಿಂದ ಮಹಡಿಯ ಕೋಣೆಗಳನ್ನು ಎಬ್ಬಿಸಿ, ನೆರೆಯವನಿಂದ ಬಿಟ್ಟಿ ದುಡಿಸಿಕೊಂಡು ಕೂಲಿ ಕೊಡದವನ ಗತಿಯನ್ನು ಏನು ಹೇಳಲಿ ಎಂದು ಪ್ರವಾದಿ ಮರುಗುತ್ತಾನೆ. ಅಗಲವಾದ ಕಿಟಕಿಗಳು, ದೇವದಾರಿನ ಹಲಗೆ, ಕೆಂಪು ಬಣ್ಣ. ಎಲ್ಲ ಬರೆದಿದೆ ಅಲ್ಲಿ. ಆಮೇಲೆ ಕೇಳುತ್ತಾನೆ: ನಿನ್ನ ತಂದೆಯೂ ಉಂಡು ಕುಡಿದು ಇದ್ದನಲ್ಲವೇ? ನ್ಯಾಯವಾಗಿ ನಡೆದನಲ್ಲವೇ? ದಿಕ್ಕಿಲ್ಲದವರ ಪಕ್ಷ ನಿಂತನು, ಆಗ ಅವನಿಗೆ ಸುಖವಾಗಿತ್ತು. ನನ್ನನ್ನು ಅರಿಯುವುದೆಂದರೆ ಇದೇ ಅಲ್ಲವೇ ಎಂದು ದೇವರು ಕೇಳುವ ಮಾತು ಅದು. ಮಹಡಿ ಕಟ್ಟಿಸಬೇಡ ಎಂದು ಎಲ್ಲೂ ಇಲ್ಲ. ಉಪವಾಸ ಇರು ಎಂದೂ ಇಲ್ಲ. ಅಪ್ಪನೂ ಚೆನ್ನಾಗಿ ಉಂಡರು, ಹಬ್ಬಕ್ಕೆ ನಮಗೆಲ್ಲ ಬಟ್ಟೆ ತಂದರು.

ಅತ್ತಿಗೆ ಮಾತ್ರ ಇವತ್ತು ಒಂದು ಮಾತಾಡಿದರು. ಟಿವಿ ಪಕ್ಕದಲ್ಲಿ ನಾಳೆಯ ಕಾಣಿಕೆಯ ಕವರ್ ಆಗಲೇ ಇಟ್ಟಿತ್ತು. ನಾಳೆ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲನೇ ಭಾನುವಾರ, ಸ್ವಲ್ಪ ದಪ್ಪಗೇ ಇತ್ತು. ಅತ್ತಿಗೆ ಕಸ ಗುಡಿಸುತ್ತಾ ಅದನ್ನು ನೋಡಿ, "ಸಹೋದರನಿಗೆ ನಿನ್ನ ಮೇಲೆ ಏನಾದ್ರೂ ಇದ್ರೆ ಕಾಣಿಕೆ ಅಲ್ಲೇ ಬುಟ್ಟು ಮೊದ್ಲು ಅವನ ತಾವ ಹೋಗು ಅಂತ ಮತ್ತಾಯದಲ್ಲಿ ಅದಲ್ಲ" ಎಂದರು. ಯಾರಿಗೆ ಹೇಳಿದರು ಎಂದು ಗೊತ್ತಾಗಲಿಲ್ಲ. ಅಣ್ಣ ಟಿವಿಯ ಶಬ್ದ ಹೆಚ್ಚು ಮಾಡಿದ. ಪುಟ್ಟ ಮಧ್ಯೆ ಬಂದು, ಅತ್ತೆ ನಕ್ಷತ್ರಕ್ಕೆ ಎಲ್‌ಇಡಿ ಹಾಕಾಣ್ವಾ ಎಂದು ಕೇಳಿದ. ಹಾಕಾಣ ಅಂದೆ.

ಕುಡಿತದ ಮಾತಿಗೆ ಉತ್ತರ ಕೊಡದೆ ಬಂದೆ, ಈಗ ಕೊಡುತ್ತೇನೆ. ಕೂಲಿಯವನು ಆ ದುಡ್ಡಲ್ಲಿ ಏನು ಮಾಡುತ್ತಾನೆ ನೋಡಿಕೊಂಡು ಕೊಡು ಎಂದು ಧರ್ಮೋಪದೇಶಕಾಂಡದಲ್ಲಿ ಇಲ್ಲ. ಯಾಕೋಬನ ಪತ್ರದಲ್ಲೂ ಇಲ್ಲ. ಹೊಲ ಕೊಯ್ದವರಿಂದ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ಸೇನಾಧೀಶ್ವರನ ಕಿವಿ ಮುಟ್ಟಿದೆ ಎಂದಷ್ಟೇ ಇದೆ. ಮೇಸ್ತ್ರಿಯ ಕುಡಿತ ದುಃಖದ ವಿಷಯವೇ, ಅವರ ಹೆಂಡತಿ ಮಕ್ಕಳಿಗೆ ಯಾರಾದರೂ ನೆರವಾಗಬೇಕು. ಆದರೆ ಅವರ ದುಡ್ಡನ್ನು ನಮ್ಮ ಬ್ಯಾಂಕಿನಲ್ಲಿ ಇಟ್ಟುಕೊಳ್ಳುವುದು ಅದಕ್ಕೆ ಮದ್ದಲ್ಲ. ಇಲ್ಲೊಂದು ಗಂಟು ಮಾತ್ರ ಬಿಚ್ಚುತ್ತಿಲ್ಲ. ಆ ಸಾವಿರ ರೂಪಾಯಿ ಹೋದದ್ದು ಮೇಸ್ತ್ರಿಯ ಕೈಗೆ. ಅದರಲ್ಲಿ ಆ ಇಬ್ಬರಿಗೆ ಎಷ್ಟು ಸೇರಿತೋ. ಅವರ ಕೂಲಿಯನ್ನು ಅವರ ಕೈಗೇ ಕೊಡು ಎಂದು ಅಣ್ಣನಿಗೆ ಹೇಳಬಹುದು, ಅಷ್ಟಕ್ಕೆ ಅವನು ಒಪ್ಪಿಯಾನು. ಆದರೆ ಆಳುಗಳು ಮೇಸ್ತ್ರಿಯ ಕಡೆಯವರು, ಅವರನ್ನು ದಾಟಿ ಕೊಟ್ಟರೆ ಆಮೇಲೆ ಅವರು ಈ ಹೆಂಗಸರನ್ನು ಕೆಲಸಕ್ಕೆ ಕರೆಯದೆ ಹೋದರೆ? ಮುಂಗಡ ಎಂದು ಮೇಸ್ತ್ರಿ ಇವರಿಗೆ ಆಗಲೇ ಏನಾದರೂ ಕೊಟ್ಟಿದ್ದಾರೋ ಏನೋ, ಆ ಲೆಕ್ಕ ಅಣ್ಣನಿಗೂ ಗೊತ್ತಿರಲಾರದು. ಆ ಹಿರಿಯಾಕೆಯ ಮನೆ ಎಲ್ಲಿ ಎಂದು ಅತ್ತಿಗೆಗೆ ಗೊತ್ತಿರುತ್ತದೆ. ನಾಳೆ ಆರಾಧನೆ ಮುಗಿದ ಕೂಡಲೇ ಮೊದಲು ಅತ್ತಿಗೆಗೇ ಫೋನ್ ಮಾಡಬೇಕು. ಸೋಮವಾರಕ್ಕೆ ಮುಂಚೆ ಆ ಕಂತಿನಷ್ಟಾದರೂ ಅವರ ಕೈ ಸೇರಬೇಕು.